ಒಡವೆ ಎಲ್ಲಿಡುವುದು? ಬೀರು, ತಿಜೋರಿ, ಲಾಕರ್, ಅಡವು

ಮದುವೆ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮೇಲೆ ಎಷ್ಟೋ ಮನೆಗಳಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಆಡುವ ಮಾತೊಂದಿದೆ: ಈ ಒಡವೆಯನ್ನೆಲ್ಲ ಇನ್ನು ಎಲ್ಲಿಡುವುದು? ಮಗಳ ಮದುವೆ ಮಾಡಿದ ಗೆಳತಿ ಕೇಳುತ್ತಾಳೆ. ವರ್ಷದಲ್ಲಿ ನಾಲ್ಕು ತಿಂಗಳು ಮಗನ ಊರಿನಲ್ಲಿರುವ ನಿವೃತ್ತ ದಂಪತಿ ಕೇಳುತ್ತಾರೆ. ತಾಯಿಯೊಬ್ಬರನ್ನೇ ಊರಿನಲ್ಲಿ ಬಿಟ್ಟು ದುಬೈನಲ್ಲಿ ದುಡಿಯುವ ಮಗ ಫೋನು ಮಾಡಿ ಕೇಳುತ್ತಾನೆ. ಬ್ಯಾಂಕಿನ ಕೆಲಸದಲ್ಲಿದ್ದಾಗ ನಾನು ಕೆಲವು ವರ್ಷ ಲಾಕರ್ ಕೋಣೆಯ ಹೊಣೆ ಹೊತ್ತಿದ್ದೆ. ಹಾಗಾಗಿ ಎಲ್ಲರೂ ನನ್ನಿಂದ ಒಂದೇ ಮಾತಿನ ಉತ್ತರ ನಿರೀಕ್ಷಿಸುತ್ತಾರೆ: ಲಾಕರ್ ತೆಗೆದುಕೊಳ್ಳಬೇಕೋ, ಬೇಡವೋ?

ಉತ್ತರಕ್ಕೆ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈ ಒಡವೆ ಯಾರ ಕೈಗೆ ಸಿಗಬಾರದು? ನಿಮ್ಮ ಕೈಲಾಗದಿದ್ದಾಗ ಯಾರ ಕೈಗೆ ಸಿಗಬೇಕು? ಮೊದಲನೆಯದಕ್ಕೆ ಉತ್ತರ ತಟ್ಟನೆ ಬರುತ್ತದೆ. ಎರಡನೆಯದನ್ನು ಕೇಳಿದಾಗ ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಇವೆರಡರ ಜೊತೆಗೆ ಇನ್ನು ಮೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಆ ಒಡವೆ ವರ್ಷಕ್ಕೆ ಎಷ್ಟು ಸಲ ಬೇಕಾಗುತ್ತದೆ, ಅದು ನಿಮ್ಮ ಬಳಿ ಇದೆಯೆಂದು ಎಷ್ಟು ಜನರಿಗೆ ತಿಳಿಯುತ್ತದೆ, ಕಳೆದುಹೋದರೆ ಎಷ್ಟು ಹಣ ಮರಳಿ ಬರುತ್ತದೆ. ಈ ಐದನ್ನು ಇಟ್ಟುಕೊಂಡು ಒಂದೊಂದೇ ಜಾಗವನ್ನು ನೋಡೋಣ.

ಮನೆಯ ಬೀರು

ಉಕ್ಕಿನ ಬೀರುವಿನ ಒಳಗಿರುವ ಪುಟ್ಟ ಖಾನೆಯನ್ನು ನಾವು ಲಾಕರ್ ಎಂದೇ ಕರೆಯುತ್ತೇವೆ. ಹೆಸರು ಹಾಗಿದ್ದರೂ ಅದು ತೆಳು ತಗಡಿನ ಬಾಗಿಲು, ಕಬ್ಬಿಣದ ಸಲಾಕೆ ಕೈಯಲ್ಲಿದ್ದರೆ ಕೆಲವೇ ನಿಮಿಷಗಳ ಕೆಲಸ. ಅದಕ್ಕಿಂತ ದೊಡ್ಡ ತೊಂದರೆ ಕೀಲಿಕೈಯದು. ದೇವರ ಫೋಟೊ ಹಿಂದೆ, ಅಕ್ಕಿ ಡಬ್ಬದಲ್ಲಿ, ಹಾಸಿಗೆಯ ಅಡಿಯಲ್ಲಿ, ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ: ನಾವೆಲ್ಲ ಬಚ್ಚಿಡುವ ಜಾಗಗಳು ಈ ನಾಲ್ಕೈದೇ, ಕಳ್ಳರಿಗೆ ಇವು ಬಾಯಿಪಾಠವಾಗಿವೆ.

ಆದರೂ ಬೀರು ಬೇಕು. ಕರಿಮಣಿ, ದಿನಬಳಕೆಯ ಬಳೆ, ಕಿವಿಯೋಲೆ, ಒಂದು ಎಳೆಯ ಸರ ಇವುಗಳಿಗೆ ಬೇರೆ ಜಾಗವಿಲ್ಲ. ಖರ್ಚಿಲ್ಲ, ಮನೆಯವರೆಲ್ಲರ ಕೈಗೆಟಕುತ್ತದೆ, ಮಧ್ಯರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಬಳೆಯನ್ನು ಅಡವಿಟ್ಟಾದರೂ ಹಣ ಹೊಂದಿಸಬಹುದೆಂಬ ಧೈರ್ಯವೂ ಇರುತ್ತದೆ. ಕಳೆದರೆ ನಿಮ್ಮ ಮನೆಗೆ ಎಳ್ಳಷ್ಟೂ ತೊಂದರೆಯಾಗದು ಎನ್ನುವಷ್ಟನ್ನೇ ಅಲ್ಲಿಡಿ ಎಂದು ಹೇಳಲಾರೆ, ಯಾಕೆಂದರೆ ಯಾವ ಒಡವೆ ಹೋದರೂ ನೋವೇ. ಮೈಮೇಲಿರುವುದು ಮತ್ತು ವಾರಕ್ಕೊಮ್ಮೆ ತೊಡುವುದು, ಇಷ್ಟಕ್ಕೆ ಮಿತಿ ಹಾಕಿಕೊಳ್ಳಿ.

ಮನೆಯಲ್ಲಿಡುವುದಕ್ಕೂ ಒಂದು ಶಿಸ್ತು ಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಒಮ್ಮೆ ನಮ್ಮ ಮನೆಯಲ್ಲಿ ಅಮ್ಮನ ಮುತ್ತಿನ ಓಲೆ ಕಾಣದಾಯಿತು. ಮನೆಗೆಲಸಕ್ಕೆ ಬರುತ್ತಿದ್ದವರನ್ನು ಯಾರೂ ಏನೂ ಕೇಳಲಿಲ್ಲ. ಆದರೆ ಅವರು ಕೋಣೆ ಗುಡಿಸುವಾಗ ಯಾರಾದರೊಬ್ಬರು ಏನೋ ನೆಪ ಮಾಡಿಕೊಂಡು ಅಲ್ಲೇ ನಿಲ್ಲತೊಡಗಿದೆವು. ಅವರಿಗೆ ಅರ್ಥವಾಯಿತು. ನಾಲ್ಕನೆಯ ದಿನ ಓಲೆ ಸಿಕ್ಕಿತು, ಅಮ್ಮನದೇ ಮಡಿಸಿಟ್ಟ ಸೀರೆಯ ಸೆರಗಿನ ತುದಿಯಲ್ಲಿ, ಹಾಕಿದ್ದ ಗಂಟು ಬಿಚ್ಚದೆ ಹಾಗೆಯೇ ಇತ್ತು. ಅವರು ಆ ತಿಂಗಳ ಕೊನೆಗೆ ಕೆಲಸ ಬಿಟ್ಟರು. ಆ ನಾಲ್ಕು ದಿನಗಳ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ. ಒಂದೇ ಜಾಗ, ಒಂದೇ ಬೀಗ, ತೆಗೆದ ದಿನವೇ ಮರಳಿ ಇಡುವುದು: ಇದನ್ನು ಪಾಲಿಸಿದ್ದರೆ ಆ ಹೆಂಗಸು ಅಷ್ಟು ನೊಂದುಕೊಳ್ಳಬೇಕಾಗಿರಲಿಲ್ಲ.

ತಿಜೋರಿ

ಮಾರುಕಟ್ಟೆಯಲ್ಲಿ ಸಿಗುವ ಸಣ್ಣ ಡಿಜಿಟಲ್ ತಿಜೋರಿಗಳನ್ನು ನೋಡಿ ಜನ ಬೇಗ ಮರುಳಾಗುತ್ತಾರೆ. ಗುಂಡಿ ಒತ್ತಿದರೆ ಹಸಿರು ದೀಪ, ಕೂಡಲೇ ಭದ್ರವಾಯಿತೆಂಬ ಭಾವನೆ. ಆದರೆ ಹತ್ತು ಕೆ.ಜಿ. ತೂಕದ ತಿಜೋರಿಯನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿಯದಿದ್ದರೆ, ಎಲ್ಲ ಒಡವೆಯನ್ನು ಒಂದೇ ಪೆಟ್ಟಿಗೆಯಲ್ಲಿ ತುಂಬಿ ಕಳ್ಳನಿಗೆ ಕೊಟ್ಟಂತೆ. ಅವನು ಅದನ್ನು ಅಲ್ಲೇ ಒಡೆಯುವುದಿಲ್ಲ, ಹೊತ್ತುಕೊಂಡು ಹೋಗುತ್ತಾನೆ. ಬಾಡಿಗೆ ಮನೆಯಾದರೆ ಗೋಡೆ ಕೊರೆಯಲು ಮಾಲೀಕರ ಒಪ್ಪಿಗೆ ಬೇಕು, ಅದು ಸಿಗದಿದ್ದರೆ ತಿಜೋರಿಯ ಯೋಚನೆಯನ್ನೇ ಬಿಡಿ.

ಸ್ವಂತ ಮನೆಯಿದ್ದು, ಬೋಲ್ಟ್ ಹಾಕಿಸುವವರಿದ್ದರೆ, ಕೊಂಡ ದಿನವೇ ಮಾಡಬೇಕಾದ ಕೆಲಸವೊಂದಿದೆ. ಹಲವು ಡಿಜಿಟಲ್ ತಿಜೋರಿಗಳಿಗೆ ನೀವು ಹಾಕುವ ಸಂಖ್ಯೆಯ ಜೊತೆಗೆ ಕಾರ್ಖಾನೆಯಲ್ಲೇ ಇಟ್ಟ ಇನ್ನೊಂದು ಮಾಸ್ಟರ್ ಸಂಖ್ಯೆ ಇರುತ್ತದೆ. ಅದು ಸೊನ್ನೆಗಳ ಸಾಲಿನಂಥ ಸುಲಭದ ಸಂಖ್ಯೆ, ಜೊತೆಗೆ ಬರುವ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಅದನ್ನು ಬದಲಿಸದಿದ್ದರೆ ಆ ಮಾದರಿಯನ್ನು ಬಲ್ಲ ಯಾರಾದರೂ ತೆರೆಯಬಹುದು. ನಿಮ್ಮ ಸಂಖ್ಯೆ ಮಕ್ಕಳ ಹುಟ್ಟಿದ ವರ್ಷವೋ ಮದುವೆಯ ತಾರೀಖೋ ಆಗಿರಬಾರದು. ಬ್ಯಾಟರಿ ಮುಗಿದಾಗ ಬಳಸುವ ಕೀಲಿಕೈಯನ್ನು ತಿಜೋರಿಯ ಒಳಗೇ ಇಟ್ಟು ಬಾಗಿಲು ಹಾಕಿದವರನ್ನು ನಾನು ಕಂಡಿದ್ದೇನೆ, ಅದೊಂದು ತಪ್ಪು ಮಾಡಬೇಡಿ.

ಕ್ಯಾಮೆರಾ ಹಾಕಿಸುವವರಿಗೂ ಒಂದು ಮಾತು. ತಿಜೋರಿಯ ಕಡೆಗೆ ಮುಖ ಮಾಡಿ ಹಾಕಿಸಬೇಡಿ, ನೀವು ಗುಂಡಿ ಒತ್ತುವ ಬೆರಳು ಆ ದೃಶ್ಯದಲ್ಲಿ ದಾಖಲಾಗುತ್ತದೆ. ಕ್ಯಾಮೆರಾ ಬಾಗಿಲ ಕಡೆಗೆ ಇರಲಿ, ಜೋಡಿಸಿಕೊಟ್ಟವರು ಇಟ್ಟ ಪಾಸ್‌ವರ್ಡನ್ನು ಅವರು ಹೋದ ಕೂಡಲೇ ಬದಲಿಸಿ. ದಾಖಲೆಯೆಲ್ಲ ಮನೆಯೊಳಗಿನ ಡಿವಿಆರ್ ಪೆಟ್ಟಿಗೆಯಲ್ಲೇ ಉಳಿಯುವುದಾದರೆ ಕಳ್ಳರು ಅದನ್ನೂ ಒಯ್ಯುತ್ತಾರೆ. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಕಳವಿನಲ್ಲಿ ಹೀಗೆಯೇ ಆಗಿತ್ತು.

ತಿಜೋರಿಯ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಮನೆಯಲ್ಲಿ ಯಾರೂ ಇಲ್ಲದಾಗ ಬರುವ ಕಳ್ಳನನ್ನು ಅದು ತಡೆದೀತು. ಕುತ್ತಿಗೆಗೆ ಚಾಕು ಹಿಡಿದು ತೆರೆ ಎನ್ನುವವನ ಮುಂದೆ ಅದರಿಂದ ಏನೂ ಆಗದು, ಆ ಹೊತ್ತಿನಲ್ಲಿ ತೆರೆದು ಕೊಟ್ಟುಬಿಡಬೇಕು. ಒಂಟಿಯಾಗಿರುವ ವಯಸ್ಸಾದವರ ಮನೆಯಲ್ಲಿ ತಿಜೋರಿ ಬೇಡವೆಂದು ನಾನು ಹೇಳುವುದು ಇದಕ್ಕೇ.

ಬ್ಯಾಂಕ್ ಲಾಕರ್

ಲಾಕರ್ ಕೋಣೆಯಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಗ್ರಾಹಕರು ಪುಸ್ತಕದಲ್ಲಿ ಸಹಿ ಹಾಕಿ ಬಂದ ಹೊತ್ತನ್ನು ಬರೆಯುತ್ತಾರೆ. ನಾನು ಸಹಿ ತಾಳೆ ನೋಡಿ ಒಳಗೆ ಕರೆದೊಯ್ಯುತ್ತೇನೆ. ಮೊದಲು ಬ್ಯಾಂಕಿನ ಕೀಲಿಯನ್ನು ನಾನು ತಿರುಗಿಸಬೇಕು, ಆಮೇಲೆ ಅವರದನ್ನು ಅವರು. ನನ್ನದೊಂದರಿಂದ ಬಾಗಿಲು ತೆರೆಯದು, ಅವರದೊಂದರಿಂದಲೂ ತೆರೆಯದು. ಬೀಗ ಸಡಿಲವಾದ ಸದ್ದು ಕೇಳಿದೊಡನೆ ನಾನು ಹೊರಗೆ ಬಂದು ನಿಲ್ಲುತ್ತೇನೆ. ಒಳಗಿನಿಂದ ಕವರಿನ ಸರಪರ ಸದ್ದು, ಕೆಲವೊಮ್ಮೆ ಬಳೆಗಳ ಕಿಣಿಕಿಣಿ ಕೇಳಿಸುತ್ತಿತ್ತು. ಅಷ್ಟು ವರ್ಷಗಳಲ್ಲಿ ಯಾವ ಲಾಕರಿನಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ, ತಿಳಿಯಕೂಡದು.

ಗೋಪ್ಯ ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗದು. ಆದರೆ ಲಾಕರಿನ ದೊಡ್ಡ ಕೊರತೆ ಹುಟ್ಟುವುದೂ ಇಲ್ಲಿಂದಲೇ. ಒಳಗೆ ಏನಿತ್ತೆಂದು ಬ್ಯಾಂಕಿಗೆ ಗೊತ್ತಿಲ್ಲದ ಮೇಲೆ, ಕಳೆದುಹೋದದ್ದರ ಪೂರ್ತಿ ಬೆಲೆಯನ್ನು ಅದು ಕಟ್ಟಿಕೊಡುವುದಿಲ್ಲ. ಬಹಳ ಕಾಲ ಬ್ಯಾಂಕುಗಳು ತಮಗೆ ಯಾವ ಹೊಣೆಯೂ ಇಲ್ಲವೆಂದೇ ವಾದಿಸುತ್ತಿದ್ದವು. 2021ರ ಫೆಬ್ರವರಿಯಲ್ಲಿ ಕೋಲ್ಕತ್ತಾದ ಗ್ರಾಹಕರೊಬ್ಬರ ಲಾಕರನ್ನು ತಿಳಿಸದೆ ಒಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಆರು ತಿಂಗಳೊಳಗೆ ನಿಯಮ ರೂಪಿಸುವಂತೆ ರಿಸರ್ವ್ ಬ್ಯಾಂಕಿಗೆ ಹೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿಯಮ ಬಂದು, 2022ರ ಜನವರಿ 1ರಿಂದ ಜಾರಿಯಾಯಿತು.

ಅದರ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಭೂಕಂಪ, ಪ್ರವಾಹ, ಸಿಡಿಲಿನಂಥವುಗಳಿಗೆ ಆ ಹೊಣೆಯಿಲ್ಲ. ಲೆಕ್ಕ ಹಾಕಿ ನೋಡಿ: ನಿಮ್ಮ ಬಾಡಿಗೆ ವರ್ಷಕ್ಕೆ 2,000 ರೂಪಾಯಿ ಎಂದಾದರೆ ಪರಿಹಾರದ ಮಿತಿ 2 ಲಕ್ಷ ರೂಪಾಯಿ. 2025ರಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಲಕ್ಷ ರೂಪಾಯಿ ದಾಟಿತು. ಅಂದರೆ ನೀವು ಇಟ್ಟದ್ದು 200 ಗ್ರಾಂ ಆಗಿದ್ದರೂ, ಕೈಗೆ ಬರುವ ಹಣದಲ್ಲಿ ಒಂದು ಜೊತೆ ಬಳೆ ಮಾಡಿಸುವುದೂ ಕಷ್ಟ. ಲಾಕರಿನಲ್ಲಿಟ್ಟ ಒಡವೆಗೂ ವಿಮೆ ಬೇಕೆನ್ನುವುದು ಈ ಕಾರಣಕ್ಕೆ. ಆ ವಿಮೆಯನ್ನು ಬ್ಯಾಂಕ್ ನಿಮಗೆ ಮಾರುವಂತಿಲ್ಲ, ವಿಮಾ ಕಂಪನಿಯನ್ನು ನೀವೇ ವಿಚಾರಿಸಬೇಕು.

ಗ್ರಾಹಕರ ಪರವಾದ ನಿಯಮಗಳೂ ಇವೆ. ಲಾಕರ್ ತೆರೆದ ದಿನವೇ ನಿಮ್ಮ ಮೊಬೈಲಿಗೆ ಸಂದೇಶ ಬರಬೇಕು. ಸಂಖ್ಯೆ ಬದಲಾಗಿದ್ದರೆ ಮೊದಲು ಬ್ಯಾಂಕಿಗೆ ತಿಳಿಸಿ, ಇಲ್ಲದಿದ್ದರೆ ಆ ಕಾವಲು ವ್ಯರ್ಥ. ಕೋಣೆಗೆ ಹೋಗಿಬರುವವರ ಕ್ಯಾಮೆರಾ ದೃಶ್ಯವನ್ನು ಕನಿಷ್ಠ 180 ದಿನ ಕಾಪಾಡಿಡಬೇಕು. ಹೊಸದಾಗಿ ಲಾಕರ್ ಪಡೆಯುವವರಿಂದ ಮೂರು ವರ್ಷದ ಬಾಡಿಗೆ ಹಾಗೂ ಒಡೆಸುವ ಖರ್ಚಿಗೆ ಸಾಲುವಷ್ಟು ಠೇವಣಿ ಕೇಳಬಹುದು, ಅದಕ್ಕಿಂತ ದೊಡ್ಡ ಠೇವಣಿಗೆ ಒತ್ತಾಯಿಸಿದರೆ ಲಿಖಿತವಾಗಿ ಕೇಳಿ. ಲಾಕರ್ ಖಾಲಿ ಇಲ್ಲವೆಂದರೆ ಕಾಯುವವರ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ಎಷ್ಟೆಂದು ಕೇಳುವ ಹಕ್ಕು ನಿಮಗಿದೆ. ನಿಮ್ಮ ಕಡೆಯಿಂದಲೂ ಎಚ್ಚರ ಬೇಕು: ಮೂರು ವರ್ಷ ಬಾಡಿಗೆ ಕಟ್ಟದಿದ್ದರೆ ಲಾಕರ್ ಒಡೆಸಬಹುದು. ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ಅದರ ಕಡೆ ಸುಳಿಯದೆ, ಬ್ಯಾಂಕಿನವರು ಹುಡುಕಿದರೂ ಸಿಗದಿದ್ದರೆ ಆಗಲೂ ತೆರೆಸಬಹುದು. ನೋಟಿನ ಕಂತೆಯನ್ನು ಲಾಕರಿನಲ್ಲಿಡಲು ಒಪ್ಪಂದದಲ್ಲೇ ಅವಕಾಶವಿಲ್ಲ.

ಇನ್ನು ಎರಡನೆಯ ಪ್ರಶ್ನೆ. ನನ್ನ ಸೋದರತ್ತೆ ಲೆಕ್ಕಾಚಾರದ ಹೆಂಗಸು. ಲಾಕರ್ ಅವರೊಬ್ಬರ ಹೆಸರಿನಲ್ಲಿತ್ತು, ಮಗನನ್ನು ನಾಮಿನಿ ಮಾಡಿದ್ದರು. ಎಲ್ಲವೂ ಸರಿಯಾಗಿದೆ ಎಂದೇ ನಾವೆಲ್ಲ ತಿಳಿದಿದ್ದೆವು. ಒಂದು ಬೆಳಿಗ್ಗೆ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ಮಾತೂ ಹೋಯಿತು. ಎರಡು ತಿಂಗಳಲ್ಲಿ ಮೊಮ್ಮಗಳ ಮದುವೆ. ಅವಳಿಗೆಂದೇ ಎತ್ತಿಟ್ಟ ಕಾಸಿನ ಸರ, ವಂಕಿ, ಡಾಬು ಎಲ್ಲ ಒಳಗೆ. ಮಗ ಕೀಲಿಕೈ ಹಿಡಿದು ಬ್ಯಾಂಕಿಗೆ ಹೋದ. ಬ್ಯಾಂಕಿನವರು ನಿಯಮದಂತೆ ಹೇಳಿದರು: ನಾಮಿನಿಗೆ ಹಕ್ಕು ಬರುವುದು ಲಾಕರ್ ಹೊಂದಿದವರು ತೀರಿಕೊಂಡ ಮೇಲೆ. ಬದುಕಿರುವ ತಾಯಿಯ ಲಾಕರನ್ನು ತೆರೆಯಲು ಅವನಿಗೆ ಅಧಿಕಾರವಿರಲಿಲ್ಲ. ಕೊನೆಗೆ ಮದುವೆ ಆದದ್ದು ನೆಂಟರಿಂದ ಎರವಲು ತಂದ ಒಡವೆಯಲ್ಲಿ. ಅತ್ತೆ ಗಾಲಿ ಕುರ್ಚಿಯಲ್ಲಿ ಕುಳಿತು ಮೊಮ್ಮಗಳ ಕೊರಳನ್ನೇ ನೋಡುತ್ತಿದ್ದರು.

ಆದ್ದರಿಂದ ಲಾಕರನ್ನು ಒಬ್ಬರ ಹೆಸರಿನಲ್ಲಿ ಇಡಬೇಡಿ. ನಂಬಿಕೆಯ ಇನ್ನೊಬ್ಬರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆರೆಯಬಹುದೆಂದು ಬರೆಸಿ. ಆ ಒಬ್ಬರು ಯಾರು ಎನ್ನುವುದು ಕಷ್ಟದ ಮಾತು. ಇಬ್ಬರು ಮಕ್ಕಳಿದ್ದು ಒಬ್ಬರನ್ನು ಸೇರಿಸಿದರೆ ಇನ್ನೊಬ್ಬರ ಮನಸ್ಸಿಗೆ ನೋವಾದೀತು. ಅಂಥ ಮನೆಗಳಲ್ಲಿ ಇಬ್ಬರೂ ಒಟ್ಟಿಗೆ ಬಂದರಷ್ಟೇ ತೆರೆಯುವಂತೆ ಬರೆಸುವವರೂ ಇದ್ದಾರೆ. ಮನಸ್ತಾಪ ತಪ್ಪುತ್ತದೆ, ಆದರೆ ತುರ್ತಿನಲ್ಲಿ ಕೈ ಕಟ್ಟಿದಂತಾಗುತ್ತದೆ. ಜಂಟಿ ಹೆಸರು ಸೇರಿಸಿದ ಮೇಲೂ ನಾಮಿನಿ ಬೇಕು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಮಾಡಬಹುದು. ಲಾಕರಿಗೆ ಅದು ಸರದಿಯ ಪ್ರಕಾರ, ಮೊದಲ ಹೆಸರಿನವರು ಇಲ್ಲದಿದ್ದರೆ ಮಾತ್ರ ಎರಡನೆಯವರಿಗೆ.

ಬ್ಯಾಂಕಿನದಲ್ಲದ ಖಾಸಗಿ ಲಾಕರುಗಳು ದೊಡ್ಡ ನಗರಗಳಲ್ಲಿವೆ. ಬ್ಯಾಂಕ್ ಮುಚ್ಚಿದ ಹೊತ್ತಿನಲ್ಲೂ ತೆರೆದಿರುವುದು ಇವುಗಳ ಅನುಕೂಲ, ಕಾಯುವ ಪಟ್ಟಿಯ ರಗಳೆಯೂ ಕಡಿಮೆ. ಆದರೆ ಮೇಲೆ ಹೇಳಿದ ರಿಸರ್ವ್ ಬ್ಯಾಂಕ್ ನಿಯಮಗಳು ಇವುಗಳಿಗೆ ಅನ್ವಯಿಸುವುದಿಲ್ಲ. ಒಪ್ಪಂದದಲ್ಲಿ ಏನು ಬರೆದಿದೆಯೋ ಅಷ್ಟೇ ನಿಮ್ಮ ರಕ್ಷಣೆ. ವಿಮೆ ಇದೆ ಎಂದರೆ ಯಾರ ಹೆಸರಿನಲ್ಲಿ, ಎಷ್ಟು ಮೊತ್ತಕ್ಕೆ ಎಂದು ಕಾಗದ ತೋರಿಸಲು ಹೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಅಡವಿಡುವುದು

ಹಣದ ಅಗತ್ಯವಿಲ್ಲದಿದ್ದರೂ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು ಸಣ್ಣ ಸಾಲ ಪಡೆಯುವ ಪದ್ಧತಿ ನಮ್ಮ ಊರುಗಳಲ್ಲಿದೆ. ಉದ್ದೇಶ ಸಾಲವಲ್ಲ, ಕಾಪು. ಕೇಳಲು ವಿಚಿತ್ರವೆನಿಸಿದರೂ ಇದರಲ್ಲಿ ಹುರುಳಿದೆ. ಅಡವಿಡುವಾಗ ಪ್ರತಿಯೊಂದನ್ನೂ ತೂಗಿ, ಚಿನ್ನದ ಗುಣಮಟ್ಟ ಪರೀಕ್ಷಿಸಿ, ಬರೆದು ಚೀಟಿ ಕೊಡುತ್ತಾರೆ. ಲಾಕರಿನಲ್ಲಿ ಏನಿದೆ ಎಂಬುದಕ್ಕೆ ನಿಮ್ಮ ಬಳಿ ಸಾಕ್ಷಿಯಿರುವುದಿಲ್ಲ. ಇಲ್ಲಿ ಬ್ಯಾಂಕೇ ಸಾಕ್ಷಿ. 10,000 ರೂಪಾಯಿ ಸಾಲಕ್ಕೆ ಶೇಕಡಾ 10ರ ಬಡ್ಡಿಯಾದರೆ ವರ್ಷಕ್ಕೆ 1,000 ರೂಪಾಯಿ, ಅಳತೆ ಮತ್ತು ಪರಿಶೀಲನೆಯ ಶುಲ್ಕ ಬೇರೆ. ಲಾಕರ್ ಸಿಗದ ಊರಿನವರಿಗೆ, ಆರು ತಿಂಗಳು ಮನೆ ಬೀಗ ಹಾಕಿ ಹೋಗುವವರಿಗೆ ಇದು ಅಗ್ಗದ ದಾರಿ.

ಆದರೆ ಗೋಪ್ಯ ಉಳಿಯುವುದಿಲ್ಲ. ಎಷ್ಟು ಗ್ರಾಂ ಇದೆಯೆಂದು ಅಕ್ಕಸಾಲಿಗರಿಂದ ಹಿಡಿದು ಗುಮಾಸ್ತರವರೆಗೆ ತಿಳಿಯುತ್ತದೆ. ಅವಧಿ ಮುಗಿದಾಗ ನವೀಕರಿಸುವುದು ಮರೆತರೆ ನೋಟಿಸು, ಆಮೇಲೆ ಹರಾಜು. ಹಬ್ಬಕ್ಕೆ ಸರ ಬೇಕೆಂದರೆ ಸಾಲ ತೀರಿಸಿ ಬಿಡಿಸಿಕೊಳ್ಳಬೇಕು. ಕಳವಿನ ಭಯವೂ ಪೂರ್ತಿ ತಪ್ಪದು. ನ್ಯಾಮತಿಯಲ್ಲಿ ಕಳುವಾದ ಸುಮಾರು 17.7 ಕೆ.ಜಿ. ಚಿನ್ನವೆಲ್ಲ ಹೀಗೆ ಅಡವಿಟ್ಟದ್ದೇ. ತಿಂಗಳುಗಳ ನಂತರ ಪೊಲೀಸರು ಅದನ್ನು ತಮಿಳುನಾಡಿನ ಮದುರೈ ಜಿಲ್ಲೆಯ ಬಾವಿಯೊಂದರಿಂದ ಎತ್ತಿ ತಂದರು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಹೋದಾಗ ಬಂಧಿತರಾದವರಲ್ಲಿ ಆ ಶಾಖೆಯ ಹಿಂದಿನ ಮ್ಯಾನೇಜರೇ ಇದ್ದರು. ಆ ವೃತ್ತಿಯಲ್ಲಿ ಬದುಕು ಕಳೆದ ನನಗೆ ಆ ಸುದ್ದಿ ಓದಿ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟಾದರೂ, ಅಡವಿಟ್ಟವರ ಕೈಯಲ್ಲಿ ತೂಕ ಬರೆದ ಚೀಟಿ ಇತ್ತು ಎಂಬುದನ್ನು ಮರೆಯಬಾರದು.

ತವರಿನಲ್ಲೋ ಅಕ್ಕನ ಮನೆಯಲ್ಲೋ ಇಡುವ ಬಗ್ಗೆ ಹೆಚ್ಚು ಹೇಳಲಾರೆ. ನಾಲ್ಕು ದಿನದ ಪ್ರವಾಸಕ್ಕೆ ಸರಿ. ವರ್ಷಗಟ್ಟಲೆ ಇಟ್ಟರೆ ಅವರ ಮನೆಗೆ ಅಪಾಯವನ್ನು ಸಾಗಿಸಿದಂತೆ, ಏನಾದರೂ ಹೆಚ್ಚುಕಡಿಮೆಯಾದರೆ ಒಡವೆಯ ಜೊತೆ ಸಂಬಂಧವೂ ಹೋಗುತ್ತದೆ.

ಯಾರಿಗೆ ಯಾವುದು

ಹೊಸದಾಗಿ ಮದುವೆಯಾಗಿ ಬಾಡಿಗೆ ಮನೆಯಲ್ಲಿರುವವರು ಮದುವೆಯ ಒಡವೆಯನ್ನು ಲಾಕರಿಗೆ ಹಾಕಿ. ಲಾಕರ್ ಹೆಂಡತಿಯ ಹೆಸರಿನಲ್ಲಿರಲಿ, ಜಂಟಿಯಾಗಿ ಗಂಡನೋ ಅವಳ ತಾಯಿಯೋ ಎಂಬುದನ್ನು ಅವಳೇ ನಿರ್ಧರಿಸಲಿ. ಅದು ಅವಳ ಸ್ತ್ರೀಧನ. ಅತ್ತೆಯ ಮನೆಯ ಲಾಕರಿನಲ್ಲಿ ಎಲ್ಲರದನ್ನೂ ಬೆರೆಸಿಡುವ ಪದ್ಧತಿ ಪ್ರೀತಿಯಿಂದ ಶುರುವಾಗಿ ಕೋರ್ಟಿನಲ್ಲಿ ಮುಗಿದದ್ದನ್ನು ನಾನು ಕಂಡಿದ್ದೇನೆ.

ಸ್ವಂತ ಮನೆ, ಸದಾ ಜನವಿರುವ ಕುಟುಂಬ, ತಿಂಗಳಿಗೆರಡು ಸಮಾರಂಭ: ಬೋಲ್ಟ್ ಹಾಕಿದ ತಿಜೋರಿಯಲ್ಲಿ ಒಂದೆರಡು ಸೆಟ್, ಉಳಿದದ್ದು ಲಾಕರಿನಲ್ಲಿ. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಮೈಮೇಲಿನದು ಮಾತ್ರ ಮನೆಯಲ್ಲಿರಲಿ, ಉಳಿದದ್ದೆಲ್ಲ ಲಾಕರಿಗೆ. ಜಂಟಿ ಹೆಸರು ದುಬೈನಲ್ಲಿರುವ ಮಗನದಾದರೆ ತುರ್ತಿಗೆ ಉಪಯೋಗವಿಲ್ಲ, ಅದೇ ಊರಿನಲ್ಲಿರುವ ಮಗಳದೋ ತಂಗಿಯದೋ ಇರಲಿ. ವರ್ಷಕ್ಕೆ ಎರಡು ಸಾವಿರ ಕೊಡುವುದೂ ಭಾರವೆನ್ನುವವರಲ್ಲಿ 30-40 ಗ್ರಾಂ ಇದ್ದರೆ ಲಾಕರ್ ಬೇಡ. ಬೀರುವಿನ ಬೀಗ ಗಟ್ಟಿ ಮಾಡಿಸಿ, ಊರಿಗೆ ಹೋಗುವಾಗ ನೆರೆಯವರಿಗೂ ಠಾಣೆಗೂ ಹೇಳಿ ಹೋಗಿ, ದೀರ್ಘಕಾಲ ಹೋಗುವುದಾದರೆ ಅಡವಿಡಿ. ಧರ್ಮಸ್ಥಳದ ಫೋಟೊವನ್ನು ಮನೆಗೆ ಮರಳಿದ ಮೇಲೆ ಸ್ಟೇಟಸ್‌ಗೆ ಹಾಕಿದರೆ ಸಾಕು. ಬರೀ ಉಳಿತಾಯಕ್ಕೆಂದು ಚಿನ್ನ ಕೊಳ್ಳುವವರಾದರೆ ಕಾಗದದ ರೂಪದ ಚಿನ್ನ, ಅಂದರೆ ಷೇರುಪೇಟೆಯಲ್ಲಿ ಕೊಳ್ಳುವ ಗೋಲ್ಡ್ ಇಟಿಎಫ್‌ನಂಥವನ್ನು ವಿಚಾರಿಸಿ, ಅದಕ್ಕೆ ಬೀಗವೇ ಬೇಡ.

ಮನೆಯಲ್ಲಿ ಹೆಚ್ಚು ಇಟ್ಟರೆ ತೆರಿಗೆಯವರು ಬರುತ್ತಾರೆಂದು ಹೆದರುವವರಿದ್ದಾರೆ. ತಪಾಸಣೆಯ ವೇಳೆ ಮದುವೆಯಾದ ಮಹಿಳೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷರ 100 ಗ್ರಾಂವರೆಗಿನ ಒಡವೆಯನ್ನು ವಶಪಡಿಸಿಕೊಳ್ಳಬಾರದೆಂದು 1994ರ ಸೂಚನೆಯಿದೆ. ಲಾಕರಿನಲ್ಲಿಟ್ಟರೂ ಮನೆಯಲ್ಲಿಟ್ಟರೂ ರಸೀದಿ ಜೋಪಾನವಾಗಿರಲಿ.

ಎಲ್ಲಿಡುವುದೆಂದು ತೀರ್ಮಾನಿಸಿದ ಮೇಲೆ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಹಾಸಿಗೆಯ ಮೇಲೆ ಬಿಳಿ ಪಂಚೆ ಹಾಸಿ ಒಂದೊಂದೇ ಒಡವೆಯನ್ನು ಇಟ್ಟು ಫೋಟೊ ತೆಗೆಯಿರಿ. ತೂಕ, ಯಾರು ಕೊಟ್ಟದ್ದು, ಯಾವ ವರ್ಷ, ಈಗ ಎಲ್ಲಿದೆ ಎಂದು ಕೈಯಲ್ಲೇ ಬರೆಯಿರಿ. ವಿಮೆಗೂ, ಪೊಲೀಸ್ ದೂರಿಗೂ, ಮಕ್ಕಳ ನಡುವಿನ ಪಾಲಿಗೂ ಈ ಹಾಳೆ ಬೇಕಾಗುತ್ತದೆ. ಅದನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಎರಡು ಪ್ರತಿ ಮಾಡಿ, ಒಂದು ನಿಮ್ಮ ಬಳಿ, ಇನ್ನೊಂದು ಜಂಟಿ ಹೆಸರಿನವರ ಬಳಿ. ಅತ್ತೆ ತೀರಿಕೊಂಡ ಮೇಲೆ ಲಾಕರ್ ತೆರೆದಾಗ ಪ್ರತಿ ಪೊಟ್ಟಣದ ಮೇಲೂ ಅವರ ಗುಂಡು ಅಕ್ಷರದಲ್ಲಿ ಬರೆದ ಚೀಟಿಯಿತ್ತು. ಕಾಸಿನ ಸರದ ಚೀಟಿಯಲ್ಲಿ ಮೊಮ್ಮಗಳ ಹೆಸರು, ಅದರ ಕೆಳಗೆ ‘ಮದುವೆಗೆ’ ಎಂದಿತ್ತು.